ಬೌಂಡರಿ ಸ್ಟ್ರೀಟ್: ಲಂಡನ್ನಿನ ಒಂದು ಕೇರಿಯ ಕಥೆ



ಪ್ರೌಢಶಾಲೆಯಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ಮುಗಿಯುವ ಹೊತ್ತಿಗೆ ‘ಪರಿಣಾಮಗಳು’ ಎಂಬ ಉಪಶೀರ್ಷಿಕೆ ಬರುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಗರಗಳು ಬೆಳೆದವು, ಕಾರ್ಮಿಕರು ಇಕ್ಕಟ್ಟಾದ ಕೊಳೆಗೇರಿಗಳಲ್ಲಿ ಬದುಕಿದರು ಎಂಬ ಅರ್ಥದ ಒಂದು ವಾಕ್ಯ ಅಲ್ಲಿರುತ್ತಿತ್ತು. ಎರಡು ಅಂಕದ ಪ್ರಶ್ನೆಗೆ ಅದು ಸಾಕಾಗುತ್ತಿತ್ತು. ಪಾಠ ಮುಗಿಸುವ ಅವಸರದಲ್ಲಿ ಹೆಚ್ಚು ಹೇಳಲು ವೇಳೆಯೂ ಇರುತ್ತಿರಲಿಲ್ಲ. ನಿವೃತ್ತನಾದವನಿಗೆ ವೇಳೆಯ ಕೊರತೆಯಿಲ್ಲ. ಆದ್ದರಿಂದ ಆ ಒಂದು ವಾಕ್ಯವನ್ನು ಬಿಡಿಸಿ ಬರೆಯುವ ಪ್ರಯತ್ನ ಇದು. ಇಡೀ ಇಂಗ್ಲೆಂಡಿನ ಕಥೆ ಹೇಳಹೊರಟರೆ ಮತ್ತೆ ಅಂಥದೇ ವಾಕ್ಯಗಳು ಹುಟ್ಟುತ್ತವೆ. ಹಾಗಾಗಿ ಒಂದೇ ಒಂದು ಕೇರಿಯನ್ನು ಆರಿಸಿಕೊಂಡಿದ್ದೇನೆ. ಅದರ ಹೆಸರು ಓಲ್ಡ್ ನಿಕೋಲ್.

ಲಂಡನ್ನಿನಲ್ಲಿರುವ ನಮ್ಮವರು ಲಿವರ್‌ಪೂಲ್ ಸ್ಟ್ರೀಟ್ ರೈಲು ನಿಲ್ದಾಣವನ್ನು ಬಲ್ಲರು. ಅಲ್ಲಿಂದ ಉತ್ತರಕ್ಕೆ ಷೋರ್ಡಿಚ್ ಕಡೆಗೆ ಸ್ವಲ್ಪ ನಡೆದರೆ ಬಲಗಡೆ ಬೌಂಡರಿ ಸ್ಟ್ರೀಟ್ ಎಂಬ ಬೀದಿ ಸಿಗುತ್ತದೆ. ಷೋರ್ಡಿಚ್ ಮತ್ತು ಬೆತ್ನಲ್ ಗ್ರೀನ್ ಎಂಬ ಎರಡು ಹೋಬಳಿಗಳ ಗಡಿಯಲ್ಲಿದ್ದುದರಿಂದ ಅದಕ್ಕೆ ಆ ಹೆಸರು. ಹಿಂದೆ ಅದನ್ನು ಕಾಕ್ ಲೇನ್ ಎನ್ನುತ್ತಿದ್ದರು. ಈ ಬೀದಿಯ ಪೂರ್ವಕ್ಕೆ ಸುಮಾರು 15 ಎಕರೆಯಲ್ಲಿ ಹರಡಿಕೊಂಡಿದ್ದ ಬೀದಿ, ಓಣಿ, ಹಿತ್ತಲುಗಳ ಜಾಲವೇ ಓಲ್ಡ್ ನಿಕೋಲ್. 1890ರ ಸುಮಾರಿಗೆ ಅಲ್ಲಿದ್ದ ಜನರ ಲೆಕ್ಕ 5,719. ಎಂದರೆ ಎಕರೆಯೊಂದಕ್ಕೆ 380 ಮಂದಿ. ಅದೂ ಬಹುಮಹಡಿ ಕಟ್ಟಡಗಳಲ್ಲಲ್ಲ, ಎರಡು ಮೂರು ಅಂತಸ್ತಿನ ಹಳೆಯ ಮನೆಗಳಲ್ಲಿ.

ಈ ಕೇರಿ ಹುಟ್ಟುವಾಗಲೇ ಕೊಳೆಗೇರಿಯಾಗಿರಲಿಲ್ಲ. 17ನೆಯ ಶತಮಾನದ ಕೊನೆಯ ಭಾಗದವರೆಗೆ ಅದು ಬಹುಮಟ್ಟಿಗೆ ಬಯಲು. ಫ್ರಾನ್ಸಿನಲ್ಲಿ 1685ರಲ್ಲಿ ಪ್ರಾಟೆಸ್ಟೆಂಟರಿಗಿದ್ದ ಧಾರ್ಮಿಕ ರಕ್ಷಣೆಯನ್ನು ಅರಸನು ಹಿಂತೆಗೆದುಕೊಂಡಾಗ ಹ್ಯೂಗನಾಟರೆಂಬ ಆ ಪಂಥದವರು ದೇಶ ಬಿಟ್ಟರು. ಅವರಲ್ಲಿ ಅನೇಕರು ರೇಷ್ಮೆ ನೇಕಾರರು. ಲಂಡನ್ನಿನ ಪೂರ್ವ ಭಾಗದಲ್ಲಿ ನೆಲೆಸಿ ಮಗ್ಗ ಹೂಡಿದರು. ನೇಕಾರನಿಗೆ ಬೆಳಕು ಮುಖ್ಯ. ಆದ್ದರಿಂದ ಆ ಪ್ರದೇಶದ ಮನೆಗಳ ಮೇಲಂತಸ್ತಿಗೆ ಅಗಲವಾದ ಕಿಟಕಿಗಳಿದ್ದವು. ಮಗ್ಗ ನಡೆಯುವವರೆಗೆ ಅನ್ನಕ್ಕೆ ಕೊರತೆಯಿರಲಿಲ್ಲ. 19ನೆಯ ಶತಮಾನದಲ್ಲಿ ಯಂತ್ರದ ಪೈಪೋಟಿ ಬಂತು. ನೇಕಾರರ ಕೂಲಿಗೆ ರಕ್ಷಣೆ ಕೊಡುತ್ತಿದ್ದ ಕಾನೂನುಗಳು 1824ರಲ್ಲಿ ರದ್ದಾದವು. 1860ರಲ್ಲಿ ಫ್ರಾನ್ಸಿನೊಡನೆ ಆದ ವ್ಯಾಪಾರ ಒಪ್ಪಂದದಿಂದ ಅಲ್ಲಿಯ ರೇಷ್ಮೆ ಸುಂಕವಿಲ್ಲದೆ ಬರತೊಡಗಿತು. ಮಗ್ಗಗಳು ನಿಂತವು, ಅಗಲವಾದ ಕಿಟಕಿಗಳು ಮಾತ್ರ ಉಳಿದವು.

ಕಸುಬು ಹೋದರೂ ಜನ ಬರುವುದು ನಿಲ್ಲಲಿಲ್ಲ. ರೈಲು ಮಾರ್ಗಗಳಿಗೂ ಹೊಸ ರಸ್ತೆಗಳಿಗೂ ನಗರದ ಮಧ್ಯದ ಬಡವರ ಮನೆಗಳನ್ನು ಕೆಡವಿದಾಗಲೆಲ್ಲ ಅಲ್ಲಿಯವರು ಇಂಥ ಕೇರಿಗಳಿಗೆ ಸರಿದರು. ಒಂದು ಸಂಸಾರಕ್ಕೆಂದು ಕಟ್ಟಿದ ಮನೆಯಲ್ಲಿ ಕೋಣೆಗೊಂದು ಸಂಸಾರ ಬಂದು ಸೇರಿತು. ನಮ್ಮ ಕಡೆಯ ವಠಾರಗಳನ್ನು ಕಂಡವರು ಇದನ್ನು ಊಹಿಸಿಕೊಳ್ಳಬಹುದು. ಆದರೆ ವಠಾರಕ್ಕೆ ನಡುವೆ ಅಂಗಳವೊಂದಿರುತ್ತದೆ, ಮೇಲೆ ಬಿಸಿಲಿರುತ್ತದೆ. ನಿಕೋಲ್‌ನಲ್ಲಿ ಹಿತ್ತಲುಗಳಲ್ಲೂ ಶೆಡ್ಡುಗಳನ್ನೂ ಕೊಟ್ಟಿಗೆಗಳನ್ನೂ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಎರಡು ಸಾವಿರಕ್ಕೂ ಹೆಚ್ಚು ಜನ ಒಂಟಿ ಕೋಣೆಗಳಲ್ಲಿ ವಾಸವಾಗಿದ್ದರು. ಗೋಡೆಗಳ ಗಾರೆಯಲ್ಲಿ ಸಾಬೂನು ತಯಾರಿಕೆಯಿಂದ ಉಳಿದ ತ್ಯಾಜ್ಯವನ್ನು ಬೆರೆಸಿದ್ದರಿಂದ ಅದು ಎಂದೂ ಪೂರ್ತಿ ಒಣಗುತ್ತಿರಲಿಲ್ಲ. ಹಸಿ ಗೋಡೆ, ಗಾಳಿಯಿಲ್ಲದ ಕೋಣೆ, ಹಲವು ಸಂಸಾರಗಳಿಗೆ ಒಂದೇ ನಲ್ಲಿ, ಒಂದೇ ಶೌಚಾಲಯ. ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ. ಅಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು 40 ಮಂದಿ ಸಾಯುತ್ತಿದ್ದರು. ಲಂಡನ್ನಿನ ಒಟ್ಟು ಸರಾಸರಿ ಅದರ ಅರ್ಧಕ್ಕಿಂತ ತುಸು ಕಡಿಮೆಯೇ ಇತ್ತು.

ಇಂಥ ಕಡೆ ಇದ್ದವರು ಯಾರು? ಕಳ್ಳರು, ಕುಡುಕರು, ಸೋಮಾರಿಗಳು ಎಂಬುದು ಅಂದಿನ ಪತ್ರಿಕೆಗಳ ಸಿದ್ಧ ಉತ್ತರ. ಕಳ್ಳರು ಇರಲಿಲ್ಲವೆಂದಲ್ಲ. ಆದರೆ ಹೆಚ್ಚಿನವರು ದುಡಿಯುವವರು. ಹತ್ತಿರದ ಕರ್ಟನ್ ರೋಡ್ ಪೀಠೋಪಕರಣ ವ್ಯಾಪಾರದ ಕೇಂದ್ರವಾಗಿತ್ತು. ಅದಕ್ಕಾಗಿ ಕುರ್ಚಿ, ಮೇಜು, ಬೀರುಗಳನ್ನು ಮಾಡುವ ಬಡಗಿಗಳು ಈ ಓಣಿಗಳಲ್ಲಿದ್ದರು. ತಳ್ಳುಗಾಡಿಯಲ್ಲಿ ತರಕಾರಿ, ಮೀನು ಮಾರುವವರಿದ್ದರು. ದಿನಗೂಲಿಯವರಿದ್ದರು. ಹೆಂಗಸರು ಮತ್ತು ಮಕ್ಕಳು ಮನೆಯಲ್ಲೇ ಕುಳಿತು ಬೆಂಕಿಪೊಟ್ಟಣ ಅಂಟಿಸುತ್ತಿದ್ದರು.

ಈ ಬೆಂಕಿಪೊಟ್ಟಣದ ಲೆಕ್ಕವನ್ನು ಗಣಿತದ ಮೇಷ್ಟ್ರ ಹಾಗೆ ಒಮ್ಮೆ ಮಾಡಿ ನೋಡೋಣ. ಒಂದು ಗ್ರೋಸ್, ಎಂದರೆ 144 ಪೊಟ್ಟಣಗಳಿಗೆ ಸಿಗುತ್ತಿದ್ದ ಕೂಲಿ ಎರಡೂಕಾಲು ಪೆನ್ನಿ. ಅಂಟು ಮತ್ತು ಕಟ್ಟುವ ದಾರದ ಖರ್ಚು ಕೆಲಸದವರದೇ. ಒಂದು ಕೋಣೆಯ ವಾರದ ಬಾಡಿಗೆ ಎರಡರಿಂದ ಮೂರು ಶಿಲಿಂಗ್ ಆಗುತ್ತಿತ್ತು. ಎರಡು ಶಿಲಿಂಗ್ ಮೂರು ಪೆನ್ನಿ ಎಂದೇ ಇಟ್ಟುಕೊಳ್ಳಿ. ಶಿಲಿಂಗಿಗೆ 12 ಪೆನ್ನಿಯಂತೆ 27 ಪೆನ್ನಿ. ಆ ಹಣ ಹುಟ್ಟಬೇಕಾದರೆ 12 ಗ್ರೋಸ್, ಎಂದರೆ 1,728 ಪೊಟ್ಟಣಗಳನ್ನು ಅಂಟಿಸಬೇಕು. ಇದು ತಲೆಯ ಮೇಲಿನ ಸೂರಿಗೆ ಮಾತ್ರ. ರೊಟ್ಟಿ, ಕಲ್ಲಿದ್ದಲು, ಚಹಾಪುಡಿ, ಬಟ್ಟೆ ಇವುಗಳ ಲೆಕ್ಕ ಆಮೇಲಿನದು. ಬೆರಳು ಚುರುಕಾದ ಐದಾರು ವರ್ಷದ ಮಗು ಆ ಮನೆಯಲ್ಲಿ ಸಂಪಾದಿಸುವ ಸದಸ್ಯ. ಅಂಥ ಮಗು ಶಾಲೆಗೆ ತಡವಾಗಿ ಬಂದರೆ, ತೂಕಡಿಸಿದರೆ, ಬಾರದೇ ಉಳಿದರೆ ಯಾರನ್ನು ದೂರಬೇಕು? ಇಂಗ್ಲೆಂಡಿನಲ್ಲಿ 1880ರಲ್ಲಿ ಶಾಲಾ ಹಾಜರಿ ಕಡ್ಡಾಯವಾಯಿತು. ಪ್ರಾಥಮಿಕ ಶಾಲೆಯ ಶುಲ್ಕವನ್ನು ಬಹುಮಟ್ಟಿಗೆ ತೆಗೆದುಹಾಕಿದ್ದು 1891ರಲ್ಲಿ. ನಡುವಿನ ಆ ಹನ್ನೊಂದು ವರ್ಷ ಬಡ ತಾಯಂದಿರಿಗೆ ಎರಡೂ ಕಡೆಯಿಂದ ಹೊಡೆತ: ಮಗುವಿನ ಗಳಿಕೆಯೂ ಹೋಯಿತು, ವಾರದ ಶುಲ್ಕವೂ ತಲೆಗೆ ಬಂತು.

ಇನ್ನು ಮನೆಗಳ ಒಡೆಯರು. ಬಡವರ ಕೇರಿಯ ಒಡೆಯನೂ ಬಡವನಿರಬೇಕೆಂದು ನಾವು ಭಾವಿಸುತ್ತೇವೆ. ಹಾಗಿರಲಿಲ್ಲ. ನೆಲ ಒಬ್ಬರದು, ಅದರ ದೀರ್ಘಾವಧಿ ಗುತ್ತಿಗೆ ಇನ್ನೊಬ್ಬರದು, ಒಳಗುತ್ತಿಗೆ ಮತ್ತೊಬ್ಬರದು. ವಾರವಾರ ಬಾಗಿಲು ತಟ್ಟಿ ಹಣ ಎಣಿಸಿಕೊಳ್ಳುವವನು ಕೊನೆಯ ಕೊಂಡಿ. ಮೇಲಿನ ಕೊಂಡಿಗಳಲ್ಲಿ ಶ್ರೀಮಂತ ಮನೆತನದವರೂ ಇದ್ದರು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ವೆಸ್ಟ್ರಿ ಎಂಬ ಸ್ಥಳೀಯ ಆಡಳಿತ ಮಂಡಳಿಯ ಸದಸ್ಯರಲ್ಲೇ ಕೆಲವರು ಅಲ್ಲಿ ಮನೆಗಳ ಒಡೆಯರಾಗಿದ್ದರು. ವಾಸಕ್ಕೆ ಯೋಗ್ಯವಲ್ಲದ ಮನೆಗಳ ಮೇಲೆ ಕ್ರಮ ಕೈಗೊಳ್ಳಲು 1868ರಲ್ಲಿ ಒಂದು, 1875ರಲ್ಲಿ ಇನ್ನೊಂದು ಶಾಸನ ಬಂದಿದ್ದವು. ನೋಟೀಸು ಕೊಡಬೇಕಾದವರೂ ನೋಟೀಸು ಪಡೆಯಬೇಕಾದವರೂ ಒಂದೇ ಮೇಜಿನ ಸುತ್ತ ಕುಳಿತಿದ್ದರೆ ಶಾಸನ ಏನು ಮಾಡೀತು? ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆ ಅಲ್ಲಿಗೂ ಒಪ್ಪುತ್ತದೆ. ಹೊಲಸು ಕೋಣೆಯ ಬಾಡಿಗೆ ಸೋವಿಯೂ ಆಗಿರಲಿಲ್ಲ. ಕೋಣೆಯ ಉದ್ದ, ಅಗಲ, ಎತ್ತರ ಗುಣಿಸಿ ಘನ ಅಡಿಯ ಲೆಕ್ಕದಲ್ಲಿ ನೋಡಿದರೆ, ಲಂಡನ್ನಿನ ಪಶ್ಚಿಮ ಭಾಗದ ಸಿರಿವಂತರ ಮನೆಗಳಿಗಿಂತ ಇಲ್ಲಿಯ ಬಾಡಿಗೆಯೇ ಹೆಚ್ಚು. ದಿನದಿನ ಕೆಲಸ ಹುಡುಕಬೇಕಾದವನು ಕೆಲಸ ಸಿಗುವ ಜಾಗದಿಂದ ದೂರ ಹೋಗಲಾರ. ಒಡೆಯರಿಗೆ ಇದು ತಿಳಿದಿತ್ತು.

ಈಗ ಈ ಕಥೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಭಾಗಕ್ಕೆ ಬರುತ್ತೇನೆ. ಲಿವರ್‌ಪೂಲ್ ಮೂಲದ ಹಡಗು ವ್ಯಾಪಾರಿ ಚಾರ್ಲ್ಸ್ ಬೂತ್ 1886ರಲ್ಲಿ ಲಂಡನ್ನಿನ ಬಡತನದ ಸಮೀಕ್ಷೆಯೊಂದನ್ನು ಆರಂಭಿಸಿದನು. ಬಡವರು ಎಷ್ಟು ಮಂದಿ, ಯಾವ ಬೀದಿಯಲ್ಲಿ, ಯಾವ ಕಾರಣದಿಂದ ಎಂದು ಬೀದಿಬೀದಿಯ ಲೆಕ್ಕ ತೆಗೆಯುವುದು ಅವನ ಉದ್ದೇಶ. ಆದರೆ ಪ್ರತಿ ಮನೆಯ ಒಳಗನ್ನು ಬಲ್ಲವರು ಯಾರು? ಶಾಲಾ ಮಂಡಳಿಯ ಹಾಜರಿ ವಿಚಾರಕರು! ಮಕ್ಕಳು ಶಾಲೆಗೆ ಬರುತ್ತಿದ್ದಾರೆಯೇ ಎಂದು ನೋಡಲು ಮನೆಮನೆಗೆ ಹೋಗುತ್ತಿದ್ದ ಈ ನೌಕರರ ಪುಸ್ತಕಗಳಲ್ಲಿ ತಂದೆಯ ಕಸುಬು, ಮಕ್ಕಳ ಸಂಖ್ಯೆ, ಕೋಣೆಗಳ ಸಂಖ್ಯೆ ಎಲ್ಲವೂ ಇತ್ತು. ಬೂತ್ ಮತ್ತು ಅವನ ಸಹಾಯಕರು ಅವರನ್ನು ಕೂರಿಸಿಕೊಂಡು ಬೀದಿ ಬೀದಿಯ ವಿವರವನ್ನು ಬರೆದುಕೊಂಡರು. ಮಕ್ಕಳ ಗಣತಿಗೂ ಜನಗಣತಿಗೂ ಬಿಸಿಲಲ್ಲಿ ಮನೆಮನೆ ಅಲೆದ ನನ್ನಂಥ ಶಿಕ್ಷಕರಿಗೆ ಇದನ್ನು ಓದಿದಾಗ ಆಗುವ ಸಂತೋಷವೇ ಬೇರೆ. ಹೊಸ್ತಿಲಲ್ಲಿ ನಿಂತು ನಮೂನೆ ತುಂಬುವವನಿಗೆ ಆ ಮನೆಯ ಒಲೆ ಹೊತ್ತಿದೆಯೇ ಇಲ್ಲವೇ ಎಂಬುದೂ ಕಾಣುತ್ತದೆ.

1889ರಲ್ಲಿ ಬೂತನ ಮೊದಲ ಸಂಪುಟ ಹೊರಬಂತು; ಜೊತೆಗೆ ಬಣ್ಣ ಬಳಿದ ನಕ್ಷೆ. ಸಿರಿವಂತರ ಬೀದಿಗೆ ಹಳದಿ, ಅನುಕೂಲಸ್ಥ ಮಧ್ಯಮ ವರ್ಗಕ್ಕೆ ಕೆಂಪು, ವಾರಕ್ಕೆ 18ರಿಂದ 21 ಶಿಲಿಂಗ್‌ನಲ್ಲಿ ಸಂಸಾರ ತೂಗಿಸುವ ಬಡವರಿಗೆ ತಿಳಿನೀಲಿ, ಸದಾ ಕೊರತೆಯಲ್ಲಿರುವವರಿಗೆ ಕಡುನೀಲಿ, ಎಲ್ಲಕ್ಕಿಂತ ಕೆಳಗಿನವರಿಗೆ ಕಪ್ಪು. ಈ ನಕ್ಷೆಯನ್ನು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಅಂತರ್ಜಾಲದಲ್ಲಿ ಇರಿಸಿದೆ. ಗಣಕಯಂತ್ರದ ತೆರೆಯ ಮೇಲೆ ಅದನ್ನು ಹಿಗ್ಗಿಸಿ ನೋಡುತ್ತ ನಾನು ಗಂಟೆಗಟ್ಟಲೆ ಕುಳಿತದ್ದುಂಟು. ನಿಕೋಲ್ ಕೇರಿಯಲ್ಲಿ ಕಪ್ಪು ಮತ್ತು ಕಡುನೀಲಿ ಒತ್ತಾಗಿ ಹರಡಿವೆ.

ಕಪ್ಪು ಬಣ್ಣಕ್ಕೆ ಬೂತ್ ಕೊಟ್ಟ ವಿವರಣೆ ಕಠಿಣವಾದುದು: ದುರ್ವ್ಯಸನಿಗಳು, ಅರೆ ಅಪರಾಧಿಗಳು ಎಂದು. ಆದರೆ ಅದೇ ಬೂತ್ ಪೂರ್ವ ಲಂಡನ್ನಿನ ಸುಮಾರು 4,000 ಬಡ ಕುಟುಂಬಗಳ ಬಡತನಕ್ಕೆ ಕಾರಣವನ್ನು ವಿಂಗಡಿಸಿದಾಗ ಬೇರೆಯೇ ಚಿತ್ರ ಮೂಡಿತು. ತೀರ ಬಡವರಲ್ಲಿ ಸೋಮಾರಿತನದಿಂದ ಕೆಟ್ಟವರು ಶೇಕಡ 4. ಕುಡಿತ ಮತ್ತು ದುಂದಿನಿಂದ ಕೆಟ್ಟವರು ಶೇಕಡ 14. ಕಾಯಿಲೆ, ದೊಡ್ಡ ಸಂಸಾರ ಮೊದಲಾದ ಕಾರಣದಿಂದ ಶೇಕಡ 27. ಉಳಿದ ಶೇಕಡ 55 ಮಂದಿಯ ಬಡತನಕ್ಕೆ ಕಾರಣ ಕಡಿಮೆ ಕೂಲಿ ಅಥವಾ ಸರಿಯಾಗಿ ಸಿಗದ ಕೆಲಸ. ಇಡೀ ಲಂಡನ್ನಿನಲ್ಲಿ ಬಡತನದಲ್ಲಿದ್ದವರು ಶೇಕಡ 30.7 ಎಂದು ಅವನು ಮುಂದೆ ಲೆಕ್ಕ ಕೊಟ್ಟನು. ಜಗತ್ತಿನಲ್ಲೇ ಅತಿ ಸಿರಿವಂತ ಸಾಮ್ರಾಜ್ಯದ ರಾಜಧಾನಿಯಲ್ಲಿ, ಭಾರತದಿಂದ ಹೋದ ಸಂಪತ್ತೂ ಸೇರಿದಂತೆ ಲೋಕದ ಸರಕೆಲ್ಲ ಬಂದಿಳಿಯುತ್ತಿದ್ದ ನಗರದಲ್ಲಿ, ಹತ್ತಕ್ಕೆ ಮೂರು ಮಂದಿ ಬಡವರು!

ನಿಕೋಲ್‌ನ ಹೆಸರನ್ನು ಇನ್ನಷ್ಟು ಕೆಡಿಸಿದ್ದು ಒಂದು ಕಾದಂಬರಿ. ಅಲ್ಲಿಯ ಹೋಲಿ ಟ್ರಿನಿಟಿ ಚರ್ಚಿನ ಪಾದ್ರಿ ಆಸ್ಬರ್ನ್ ಜೇ 1886ರಲ್ಲಿ ಬಂದವರು. ಚರ್ಚಿನ ಜೊತೆಗೇ ಯುವಕರಿಗಾಗಿ ವ್ಯಾಯಾಮಶಾಲೆಯನ್ನೂ ಮುಷ್ಟಿಯುದ್ಧದ ಅಖಾಡವನ್ನೂ ನಡೆಸಿದ ಗಟ್ಟಿಗರು. ಅವರ ಆಹ್ವಾನದ ಮೇರೆಗೆ ಕೇರಿಯನ್ನು ನೋಡಿದ ಆರ್ಥರ್ ಮಾರಿಸನ್ 1896ರಲ್ಲಿ ‘ಎ ಚೈಲ್ಡ್ ಆಫ್ ದ ಜಾಗೊ’ ಎಂಬ ಕಾದಂಬರಿ ಪ್ರಕಟಿಸಿದನು. ಜಾಗೊ ಎಂದರೆ ನಿಕೋಲ್ ಕೇರಿಯೇ. ಕಳ್ಳತನ, ಹೊಡೆದಾಟ, ಕೊಲೆ ಇವುಗಳಿಂದ ತುಂಬಿದ ಆ ಚಿತ್ರ ಅತಿರೇಕವೆಂಬ ಟೀಕೆ ಆಗಲೇ ಬಂತು. ಆದರೂ ಓದುಗರ ಮನಸ್ಸಿನಲ್ಲಿ ಉಳಿದದ್ದು ಬೂತನ ಅಂಕಿಪಟ್ಟಿಯಲ್ಲ, ಮಾರಿಸನ್ನನ ಕಥೆ. ಒಂದು ಕೇರಿಯವರೆಲ್ಲ ಕೆಟ್ಟವರು ಎಂದು ಒಮ್ಮೆ ನಂಬಿದ ಮೇಲೆ ಆ ಕೇರಿಯನ್ನು ಕೆಡವುವಾಗ ಅವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳುವವರು ಕಡಿಮೆ.

ಕೆಡವುವ ಕೆಲಸ ಕಾದಂಬರಿ ಬರುವ ಮೊದಲೇ ಆರಂಭವಾಗಿತ್ತು. 1889ರಲ್ಲಿ ಚುನಾಯಿತ ಸಂಸ್ಥೆಯಾಗಿ ಲಂಡನ್ ಕೌಂಟಿ ಕೌನ್ಸಿಲ್ ಹುಟ್ಟಿತು. 1890ರಲ್ಲಿ ಕಾರ್ಮಿಕ ವರ್ಗದವರ ವಸತಿ ಶಾಸನ ಬಂತು. ಆ ಶಾಸನದ ಬಲದಿಂದ ಕೌನ್ಸಿಲ್ ಕೈಗೆತ್ತಿಕೊಂಡ ಮೊದಲ ದೊಡ್ಡ ಯೋಜನೆಯೇ ನಿಕೋಲ್. ಹಂತಹಂತವಾಗಿ ಇಡೀ ಕೇರಿಯನ್ನು ನೆಲಸಮ ಮಾಡಿದರು. ಓವನ್ ಫ್ಲೆಮಿಂಗ್ ಮತ್ತು ಅವನ ಜೊತೆಗಿದ್ದ ತರುಣ ವಾಸ್ತುಶಿಲ್ಪಿಗಳು ಹೊಸ ಬಡಾವಣೆಯ ನಕ್ಷೆ ತಯಾರಿಸಿದರು. ಬಡವರ ಮನೆಯೆಂದರೆ ಬ್ಯಾರಕ್ಕಿನಂಥ ಒರಟು ಕಟ್ಟಡ ಎಂಬ ಭಾವನೆಯನ್ನು ಅವರು ಒಪ್ಪಲಿಲ್ಲ. ಹಳೆಯ ಮನೆಗಳ ಮಣ್ಣು, ಇಟ್ಟಿಗೆ ಚೂರುಗಳನ್ನೆಲ್ಲ ನಡುವೆ ಗುಡ್ಡೆ ಹಾಕಿ ಎತ್ತರದ ದುಂಡನೆಯ ಉದ್ಯಾನ ಮಾಡಿದರು. ಅದರ ಹೆಸರು ಆರ್ನಾಲ್ಡ್ ಸರ್ಕಸ್. ಅದರಿಂದ ಏಳು ಬೀದಿಗಳು ಸೂರ್ಯಕಿರಣದಂತೆ ಹೊರಟವು. ಕೆಂಪು ಮತ್ತು ತಿಳಿಬಣ್ಣದ ಇಟ್ಟಿಗೆಯ ಸುಂದರ ಕಟ್ಟಡಗಳು, 1,069 ಮನೆಗಳು, ಬಟ್ಟೆ ಒಗೆಯಲು ಸಾಮೂಹಿಕ ವ್ಯವಸ್ಥೆ, ಅಂಗಡಿಗಳು, ಕುಶಲಕರ್ಮಿಗಳಿಗೆ ಕಾರ್ಯಾಗಾರಗಳು. 1900ರ ಮಾರ್ಚ್ 3ರಂದು ವೇಲ್ಸ್ ರಾಜಕುಮಾರ, ಮುಂದೆ ಏಳನೆಯ ಎಡ್ವರ್ಡ್ ಆದವನು, ಬಡಾವಣೆಯನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದನು. 1884ರಲ್ಲಿ ಬಡವರ ವಸತಿಯ ವಿಚಾರಣೆಗೆಂದು ನೇಮಕವಾದ ರಾಜ ಆಯೋಗದಲ್ಲಿ ಅವನೂ ಸದಸ್ಯನಾಗಿದ್ದನು.

ಹೊಸ ಮನೆಗಳಿಗೆ ಬಂದವರಲ್ಲಿ ಹಳೆಯ ಕೇರಿಯವರು ಎಷ್ಟು ಮಂದಿ ಎಂದು ಕೇಳಿದರೆ ಬರುವ ಉತ್ತರ: 11.

5,719 ಮಂದಿಯಲ್ಲಿ 11. ಈ ಸಂಖ್ಯೆಯನ್ನು ಮೊದಲು ಓದಿದಾಗ ಅಚ್ಚಿನ ದೋಷವಿರಬೇಕೆಂದು ಬೇರೆ ಪುಸ್ತಕಗಳಲ್ಲೂ ಹುಡುಕಿದೆ. ಎಲ್ಲ ಕಡೆಯೂ ಅದೇ ಸಂಖ್ಯೆ.

ಇದು ಹೇಗಾಯಿತು? ಕೌನ್ಸಿಲ್‌ನವರು ಕಟುಕರೇನೂ ಅಲ್ಲ. ಕಟ್ಟಡದ ವೆಚ್ಚ ಬಾಡಿಗೆಯಿಂದಲೇ ಹುಟ್ಟಬೇಕು, ತೆರಿಗೆ ಕೊಡುವವರ ಮೇಲೆ ಹೊರೆ ಬೀಳಬಾರದು ಎಂಬುದು ಅಂದಿನ ನಿಯಮ. ಒಳ್ಳೆಯ ಗೋಡೆ, ಒಳ್ಳೆಯ ಬೆಳಕಿಗೆ ತಕ್ಕ ಬಾಡಿಗೆ ನಿಗದಿಯಾಯಿತು. ಒಂದು ಕೋಣೆಗೆ ಇಬ್ಬರಿಗಿಂತ ಹೆಚ್ಚು ಜನ ಇರಕೂಡದೆಂಬ ನಿಯಮವೂ ಬಂತು. ಆರೋಗ್ಯದ ದೃಷ್ಟಿಯಿಂದ ಅದು ಸರಿ. ಆದರೆ ಐದಾರು ಮಂದಿ ಒಂದೇ ಕೋಣೆಯಲ್ಲಿದ್ದ ಸಂಸಾರ ಈಗ ಮೂರು ಕೋಣೆಗೆ ಬಾಡಿಗೆ ಕೊಡಬೇಕು. ಬೆಂಕಿಪೊಟ್ಟಣದ ಲೆಕ್ಕ ಮಾಡಿದೆವಲ್ಲ, ಅದನ್ನು ಮೂರರಿಂದ ಗುಣಿಸಿ ನೋಡಿ. ವಾರಕ್ಕೆ ಐದು ಸಾವಿರ ಪೊಟ್ಟಣ ದಾಟುತ್ತದೆ. ಅಲ್ಲದೆ ಹಳೆಯದನ್ನು ಕೆಡವಿ ಹೊಸದು ಏಳುವವರೆಗೆ ವರ್ಷಗಳೇ ಹಿಡಿದವು. ಅಷ್ಟು ಕಾಲ ಬೀದಿಯಲ್ಲಿ ಕಾದು ಕುಳಿತಿರಲು ಯಾರಿಂದ ಸಾಧ್ಯ? ಜನ ಮೂಟೆ ಕಟ್ಟಿಕೊಂಡು ಸುತ್ತಲಿನ ಓಣಿಗಳಿಗೆ ಸರಿದರು. ಅಲ್ಲಿ ಇಕ್ಕಟ್ಟು ಹೆಚ್ಚಿತು, ಬಾಡಿಗೆಯೂ ಏರಿತು. ಹೊಸ ಮನೆಗಳಿಗೆ ಬಂದವರು ಗುಮಾಸ್ತರು, ಪೊಲೀಸರು, ದಾದಿಯರು, ನಿಶ್ಚಿತ ಸಂಬಳವಿದ್ದ ಕುಶಲಕರ್ಮಿಗಳು. ಅವರಿಗೂ ಮನೆ ಬೇಕಾಗಿಯೇ ಇತ್ತು, ಅವರನ್ನು ದೂರುವಂತಿಲ್ಲ. ಆದರೆ ಯಾರ ಸಾವಿನ ಅಂಕಿಗಳನ್ನು ಮುಂದಿಟ್ಟು ಯೋಜನೆಗೆ ಮಂಜೂರಾತಿ ಪಡೆದರೋ ಅವರಿಗೆ ಅದು ದಕ್ಕಲಿಲ್ಲ.

ನಂತರದ ಶತಮಾನದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 20ನೆಯ ಶತಮಾನದ ಆರಂಭದಲ್ಲಿ ಪೂರ್ವ ಯೂರೋಪಿನಿಂದ ಬಂದ ಯಹೂದಿ ಕುಟುಂಬಗಳು ಅಲ್ಲಿ ನೆಲೆಸಿದವು. ಆ ಶತಮಾನದ ಕೊನೆಯ ದಶಕಗಳಲ್ಲಿ ಬಾಂಗ್ಲಾದೇಶದ, ವಿಶೇಷವಾಗಿ ಸಿಲ್ಹೆಟ್ ಪ್ರಾಂತದ ಕುಟುಂಬಗಳು ಬಂದವು. ನೇಕಾರರಿಂದ ಆರಂಭವಾದ ವಲಸಿಗರ ಸರಪಳಿ ಹೀಗೆ ಮುಂದುವರಿಯಿತು. 1980ರ ವಸತಿ ಶಾಸನ ಕೌನ್ಸಿಲ್ ಬಾಡಿಗೆದಾರರಿಗೆ ತಮ್ಮ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಕೊಂಡವರಲ್ಲಿ ಹಲವರು ಮುಂದೆ ಮಾರಿದರು. ಷೋರ್ಡಿಚ್ ಪ್ರದೇಶ ಕಲಾವಿದರ, ಹಣವಂತ ತರುಣರ ಮೆಚ್ಚಿನ ತಾಣವಾದಂತೆ ಬೆಲೆಗಳು ಗಗನಕ್ಕೇರಿದವು. 2006ರಲ್ಲಿ ಬಡಾವಣೆಯನ್ನು ಕೌನ್ಸಿಲ್‌ನಿಂದ ಒಂದು ವಸತಿ ಸಂಸ್ಥೆಗೆ ವರ್ಗಾಯಿಸುವ ಪ್ರಸ್ತಾಪ ಬಂದಾಗ ನಿವಾಸಿಗಳು ಮತದಾನದಲ್ಲಿ ಅದನ್ನು ತಿರಸ್ಕರಿಸಿದರು. 1890ರ ದಶಕದವರಿಗೆ ಇಂಥ ಮತದಾನದ ಅವಕಾಶವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಈ ಯೋಜನೆ ವ್ಯರ್ಥವಾಯಿತು ಎಂದು ನಾನು ಹೇಳುತ್ತಿಲ್ಲ. ಸರಕಾರವೇ ಜನರಿಗೆ ಮನೆ ಕಟ್ಟಿ ಬಾಡಿಗೆಗೆ ಕೊಡಬಹುದು, ಅದನ್ನು ಅಂದವಾಗಿಯೂ ಗಟ್ಟಿಯಾಗಿಯೂ ಕಟ್ಟಬಹುದು ಎಂದು ಅದು ತೋರಿಸಿಕೊಟ್ಟಿತು. 1919ರ ಶಾಸನದ ನಂತರ ಸರಕಾರ ಖಜಾನೆಯಿಂದ ಸಹಾಯಧನ ಕೊಡಲಾರಂಭಿಸಿದಾಗ ಇಂಥ ಮನೆಗಳು ದೇಶದಾದ್ಯಂತ ಎದ್ದವು; 1970ರ ದಶಕದ ಕೊನೆಯ ಹೊತ್ತಿಗೆ ಬ್ರಿಟನ್ನಿನ ಮೂರರಲ್ಲೊಂದು ಭಾಗದಷ್ಟು ಮನೆಗಳು ಸ್ಥಳೀಯ ಸಂಸ್ಥೆಗಳವಾಗಿದ್ದವು. ಲಕ್ಷಾಂತರ ಸಂಸಾರಗಳು ಅದರಿಂದ ಉದ್ಧಾರವಾದವು. ಸಾಧನೆ ದೊಡ್ಡದು, ಅದರ ಬೆಲೆಯನ್ನು ತೆತ್ತವರು ಮಾತ್ರ ಬೇರೆಯವರು. ಇತಿಹಾಸ ಓದುವವರು ಎರಡನ್ನೂ ಒಟ್ಟಿಗೆ ಹೇಳಬೇಕು.

ಹೊಸ ಕಟ್ಟಡಗಳಿಗೆ ಥೇಮ್ಸ್ ನದಿಯ ದಡದ ಊರುಗಳ ಹೆಸರಿಟ್ಟರು. ಬೀದಿಗಳಲ್ಲಿ ಕೆಲವಕ್ಕೆ ಹ್ಯೂಗನಾಟರನ್ನು ನೆನಪಿಸುವ ನವಾರ್, ರೋಷೆಲ್, ಪಾಲಿಸಿ ಎಂಬ ಹೆಸರುಗಳನ್ನಿಟ್ಟರು. ನಿಕೋಲ್ ಕೇರಿಯವರ ಗುರುತಾಗಿ ಉಳಿದದ್ದು ದಕ್ಷಿಣದ ಅಂಚಿನಲ್ಲಿರುವ ಓಲ್ಡ್ ನಿಕೋಲ್ ಸ್ಟ್ರೀಟ್ ಎಂಬ ಒಂದು ಬೀದಿಯ ಹೆಸರು, ಮತ್ತು ಉದ್ಯಾನದ ಅಡಿಯಲ್ಲಿ ಹೂತುಹೋದ ಇಟ್ಟಿಗೆಗಳು.

ನನ್ನ ಶಿಷ್ಯರಲ್ಲಿ ಇಂದು ಎಂಜಿನಿಯರುಗಳಿದ್ದೀರಿ, ನಗರಸಭೆಗಳಲ್ಲಿ, ಕಂದಾಯ ಇಲಾಖೆಯಲ್ಲಿ ಕೆಲಸ ಮಾಡುವವರಿದ್ದೀರಿ, ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರೂ ಇದ್ದೀರಿ. ರಸ್ತೆ ಅಗಲೀಕರಣದ, ಬಡಾವಣೆಯ, ಪುನರ್ವಸತಿಯ ಕಡತ ನಿಮ್ಮ ಮೇಜಿಗೆ ಬಂದಾಗ ಅದರಲ್ಲಿ ಎಕರೆ, ವೆಚ್ಚ, ಮನೆಗಳ ಸಂಖ್ಯೆ ಎಲ್ಲವೂ ಇರುತ್ತದೆ. ಈಗ ಅಲ್ಲಿರುವವರು ಕೆಲಸ ಮುಗಿಯುವವರೆಗೆ ಎಲ್ಲಿರುತ್ತಾರೆ, ಮುಗಿದ ಮೇಲೆ ಅಲ್ಲಿಯ ಬಾಡಿಗೆ ಕೊಡಬಲ್ಲರೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿದೆಯೇ ಎಂದು ದಯವಿಟ್ಟು ನೋಡಿ. ಇಲ್ಲದಿದ್ದರೆ ಸಹಿ ಹಾಕುವ ಮೊದಲು ಕೇಳಿ.

ಹಾಗೆಯೇ ನೀವು ಹುಟ್ಟಿ ಬೆಳೆದ ಬೀದಿಯಲ್ಲಿ ಮೊದಲು ಯಾರಿದ್ದರು, ಏನು ಕಸುಬು ಮಾಡುತ್ತಿದ್ದರು, ಬಾಡಿಗೆ ಎಷ್ಟಿತ್ತು, ಯಾರು ಯಾವಾಗ ಬಿಟ್ಟುಹೋದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ನಾಲ್ಕು ಪುಟ ಬರೆದು ನನಗೆ ಕಳುಹಿಸಿ. ಅಂಕ ಕೊಡುವುದಿಲ್ಲ, ಆದರೆ ಓದಿ ಉತ್ತರ ಬರೆಯುತ್ತೇನೆ.